ಮೈಕೆಲ್ ಫ್ಯಾರಡೆಯೂ ಕಬ್ಬಿಣದ ಬಳೆಯೂ

ಇಂದು ಯಾವ ವಿದ್ಯಾಸಂಸ್ಥೆಯ ಕಚೇರಿಗೆ ಹೋದರೂ ಅಲ್ಲಿ ಗಣಕಯಂತ್ರವೊಂದು ಇದ್ದೇ ಇರುತ್ತದೆ. ಅದರ ಹಿಂಬದಿಯ ತಂತಿಗಳನ್ನು ಗಮನವಿಟ್ಟು ನೋಡಿದರೆ, ಕೆಲವು ತಂತಿಗಳ ತುದಿಯ ಸಮೀಪದಲ್ಲಿ, ಇಲಿಯನ್ನು ನುಂಗಿದ ಹಾವಿನ ಹೊಟ್ಟೆಯಂತೆ, ಹೆಬ್ಬೆರಳಿನ ಗಾತ್ರದ ಗಂಟೊಂದು ಕಾಣಿಸುತ್ತದೆ. ಅದನ್ನು ಫ್ಯೂಸು ಎಂದು ತಿಳಿದವರಿದ್ದಾರೆ. ತಂತಿಯನ್ನು ಬೆಸೆದ ಜಾಗವೆಂದು ತಿಳಿದವರೂ ಇದ್ದಾರೆ. ಅದು ಎರಡೂ ಅಲ್ಲ. ಪ್ಲಾಸ್ಟಿಕ್ಕಿನ ಹೊದಿಕೆಯನ್ನು ತೆಗೆದರೆ ಒಳಗಿರುವುದು ನಡುವೆ ತೂತುಳ್ಳ ಒಂದು ಕಪ್ಪು ಮಣಿ ಮಾತ್ರ. ಫೆರೈಟ್ ಎಂಬ ಪದಾರ್ಥದಿಂದ ಮಾಡಿದ್ದು. ತಂತಿ ಆ ತೂತಿನ ಮೂಲಕ ಹಾದುಹೋಗುತ್ತದೆ, ಅಷ್ಟೆ. ತಂತಿಯೊಳಗಿನ ತಾಮ್ರಕ್ಕೂ ಮಣಿಗೂ ಯಾವ ಸ್ಪರ್ಶವೂ ಇಲ್ಲ. ಹೀಗಿದ್ದರೂ, ಗಣಕಯಂತ್ರದ ತಂತಿಯಿಂದ ಹೊರಟು ಪಕ್ಕದ ಮೇಜಿನ ರೇಡಿಯೋದಲ್ಲಿ ಗರಗರ ಶಬ್ದವನ್ನೆಬ್ಬಿಸುವ ಉಪದ್ರವವನ್ನು ಈ ಮಣಿ ಬಹುಮಟ್ಟಿಗೆ ತಗ್ಗಿಸುತ್ತದೆ. ಮುಟ್ಟದೆಯೇ ತಡೆಯುವ ಈ ವಿದ್ಯೆಯ ಮೂಲವನ್ನು ಅರಸುತ್ತ ಹೋದರೆ, 1831ರಲ್ಲಿ ಲಂಡನ್ ನಗರದ ಒಂದು ನೆಲಮಾಳಿಗೆಯಲ್ಲಿ ಕಬ್ಬಿಣದ ಬಳೆಗೆ ತಂತಿ ಸುತ್ತುತ್ತಿದ್ದ ಕಮ್ಮಾರನ ಮಗನೊಬ್ಬನ ಸಮ್ಮುಖಕ್ಕೆ ಬಂದು ನಿಲ್ಲುತ್ತೇವೆ. ಆತನೇ ಲೋಕವಿಖ್ಯಾತ ವಿಜ್ಞಾನಿ ಮೈಕೆಲ್ ಫ್ಯಾರಡೆ.

ಫ್ಯಾರಡೆ ಜನಿಸಿದ್ದು 1791ನೆಯ ಇಸವಿ ಸೆಪ್ಟೆಂಬರ್ 22ರಂದು, ಲಂಡನ್ನಿನ ಅಂಚಿನಲ್ಲಿದ್ದ ನ್ಯೂಯಿಂಗ್‌ಟನ್ ಬಟ್ಸ್ ಎಂಬಲ್ಲಿ. ತಂದೆ ಜೇಮ್ಸ್ ಕಮ್ಮಾರಿಕೆ ಮಾಡುತ್ತಿದ್ದ; ಅನಾರೋಗ್ಯದ ನಿಮಿತ್ತ ದಿನಾಲೂ ದುಡಿಯುವ ಶಕ್ತಿ ಅವನಿಗಿರಲಿಲ್ಲ. 1801ರ ದುರ್ಭಿಕ್ಷದ ದಿನಗಳಲ್ಲಿ ಬಾಲಕ ಮೈಕೆಲನ ಪಾಲಿಗೆ ವಾರಕ್ಕೊಂದು ರೊಟ್ಟಿ ಬರುತ್ತಿತ್ತೆಂದೂ ಅದನ್ನೇ ಅವನು ವಾರವಿಡೀ ಪಾಲುಮಾಡಿಕೊಂಡು ತಿನ್ನಬೇಕಾಗಿತ್ತೆಂದೂ ಅವನ ಚರಿತ್ರಕಾರರು ಬರೆದಿದ್ದಾರೆ. ಓದು, ಬರಹ, ಕೊಂಚ ಲೆಕ್ಕ, ಇವಿಷ್ಟೇ ಅವನಿಗೆ ದೊರೆತ ಶಾಲಾ ಶಿಕ್ಷಣ. ಹದಿಮೂರನೆಯ ವಯಸ್ಸಿಗೆ ರೀಬೋ ಎಂಬ ಪುಸ್ತಕ ವ್ಯಾಪಾರಿಯ ಅಂಗಡಿಯಲ್ಲಿ ವೃತ್ತಪತ್ರಿಕೆ ಹಂಚುವ ಕೆಲಸಕ್ಕೆ ಸೇರಿದನು. ಮರುವರ್ಷ ಅದೇ ಅಂಗಡಿಯಲ್ಲಿ ರಟ್ಟು ಕಟ್ಟುವ ವಿದ್ಯೆಗೆ ಏಳು ವರ್ಷಗಳ ಕರಾರಿನ ಮೇಲೆ ನಿಂತನು.

ಕಟ್ಟಲು ಬಂದ ಪುಸ್ತಕಗಳನ್ನು ಓದುವುದೇ ಅವನ ಗುರುಕುಲವಾಯಿತು. ವಿಶ್ವಕೋಶವೊಂದರಲ್ಲಿದ್ದ ವಿದ್ಯುತ್ತಿನ ಲೇಖನವೂ ಜೇನ್ ಮಾರ್ಸೆಟ್ ಎಂಬ ವಿದುಷಿ ರಸಾಯನಶಾಸ್ತ್ರವನ್ನು ಕುರಿತು ಬರೆದ ಸಂವಾದರೂಪದ ಗ್ರಂಥವೂ ಅವನ ಮನಸ್ಸನ್ನು ಸೆರೆಹಿಡಿದವು. ಓದಿದ್ದನ್ನು ಮಾಡಿ ನೋಡದೆ ಒಪ್ಪಿಕೊಳ್ಳಬಾರದೆಂಬ ಹಟ ಆಗಲೇ ಅವನಲ್ಲಿ ಮೂಡಿತ್ತು. ಕೈಯಲ್ಲಿದ್ದ ಕಾಸಿಗೆ ದಕ್ಕಿದ ಸಾಮಗ್ರಿಗಳಿಂದ ಅಂಗಡಿಯಲ್ಲಿಯೇ ಪ್ರಯೋಗ ನಡೆಸುತ್ತಿದ್ದನು. 1812ರಲ್ಲಿ ಅಂಗಡಿಯ ಗಿರಾಕಿಯೊಬ್ಬರ ಕೃಪೆಯಿಂದ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಸರ್ ಹಂಫ್ರಿ ಡೇವಿಯ ನಾಲ್ಕು ಉಪನ್ಯಾಸಗಳನ್ನು ಕೇಳುವ ಚೀಟಿಗಳು ದೊರೆತವು. ಕೇಳಿದ್ದನ್ನೆಲ್ಲ ಚಿತ್ರಗಳೊಡನೆ ಬರೆದು, ತಾನೇ ಅಂದವಾಗಿ ರಟ್ಟು ಕಟ್ಟಿ, ಡೇವಿಗೆ ಕಳುಹಿಸಿ ಕೆಲಸ ಬೇಡಿದನು. ಕಲಿತ ಕಸುಬು ಈ ರೀತಿಯಲ್ಲಿ ಕೈಹಿಡಿಯಿತು. 1813ರ ಮಾರ್ಚಿಯಲ್ಲಿ ವಾರಕ್ಕೆ 25 ಷಿಲಿಂಗ್ ಸಂಬಳ, ಅಟ್ಟದ ಮೇಲೆ ಎರಡು ಕೊಠಡಿ, ಉರಿಸಲು ಇದ್ದಿಲು ಮತ್ತು ಮೇಣದಬತ್ತಿ ಎಂಬ ಕರಾರಿನಂತೆ ಅವನು ಅದೇ ಸಂಸ್ಥೆಯ ಪ್ರಯೋಗಶಾಲೆಯ ಸಹಾಯಕನಾದನು. ಸುಮಾರು ಅರ್ಧ ಶತಮಾನ ಕಾಲ ಆ ಮನೆಯೇ ಅವನ ಮನೆಯಾಯಿತು.

ಅದೇ ವರ್ಷ ಡೇವಿಯೊಡನೆ ಯೂರೋಪ್ ಪ್ರವಾಸ ಹೊರಟಾಗ ಡೇವಿಯ ಪತ್ನಿ ಅವನನ್ನು ಮನೆಯಾಳಿನಂತೆ ನಡೆಸಿಕೊಂಡಳು. ಆ ಹದಿನೆಂಟು ತಿಂಗಳ ಕಷ್ಟವನ್ನು ನುಂಗಿಕೊಂಡದ್ದರಿಂದಲೇ ವೋಲ್ಟನಂಥ ಮಹನೀಯರನ್ನು ಕಾಣುವ ಭಾಗ್ಯವೂ ದೊರೆಯಿತು. 1821ರಲ್ಲಿ ಸಾರಾ ಬರ್ನಾರ್ಡಳೊಡನೆ ವಿವಾಹ. ಅದೇ ವರ್ಷ ಪಾದರಸದ ಬಟ್ಟಲಿನಲ್ಲಿ ವಿದ್ಯುತ್ತು ಹರಿಯುವ ತಂತಿಯನ್ನು ಅಯಸ್ಕಾಂತದ ಸುತ್ತ ತಿರುಗಿಸಿ ತೋರಿಸಿದ ಕೀರ್ತಿ. ಇಂದಿನ ವಿದ್ಯುತ್ ಮೋಟಾರುಗಳಿಗೆಲ್ಲ ಅದೇ ಬೀಜ. ಕೀರ್ತಿಯ ಬೆನ್ನಿಗೇ ಅಪವಾದವೂ ಬಂತು: ವಾಲಸ್ಟನ್ ಎಂಬ ಹಿರಿಯ ವಿದ್ವಾಂಸರ ಕಲ್ಪನೆಯನ್ನು ಹೆಸರೆತ್ತದೆ ಬಳಸಿಕೊಂಡನೆಂದು. 1824ರಲ್ಲಿ ರಾಯಲ್ ಸೊಸೈಟಿಗೆ ಅವನ ಹೆಸರು ಬಂದಾಗ, ಆ ಸಂಘದ ಅಧ್ಯಕ್ಷನಾಗಿದ್ದ ಡೇವಿಯೇ ವಿರೋಧಿಸಿದನು. ಗುರುವಿನ ವಿರೋಧವನ್ನು ದಾಟಿ ಶಿಷ್ಯನು ಆಯ್ಕೆಯಾದನು. ಗುರುವಿನ ಮೇಲಿನ ಗೌರವವನ್ನು ಮಾತ್ರ ಕೊನೆಯವರೆಗೂ ಬಿಡಲಿಲ್ಲ.

ಇನ್ನು ಬಳೆಯ ವೃತ್ತಾಂತ. ವಿದ್ಯುತ್ ಹರಿಯುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ಅಲುಗುತ್ತದೆಂದು ಡೆನ್ಮಾರ್ಕಿನ ಅರ್ಸ್ಟೆಡ್ 1820ರಲ್ಲಿ ತೋರಿಸಿದ್ದನು. ವಿದ್ಯುತ್ತಿನಿಂದ ಕಾಂತತೆ ಹುಟ್ಟುವುದಾದರೆ ಕಾಂತತೆಯಿಂದ ವಿದ್ಯುತ್ತು ಏಕೆ ಹುಟ್ಟಬಾರದು? ಈ ಪ್ರಶ್ನೆ ಆ ಕಾಲದ ಅನೇಕರನ್ನು ಕಾಡಿತ್ತು. ಫ್ಯಾರಡೆ 1825ರಲ್ಲಿಯೂ 1828ರಲ್ಲಿಯೂ ಪ್ರಯತ್ನಿಸಿ ಸೋತಿದ್ದನು. ನಡುವೆ ದುರ್ಬೀನಿನ ಗಾಜನ್ನು ಸುಧಾರಿಸುವ ಸರ್ಕಾರಿ ಕೆಲಸವೊಂದು ಅವನ ಕೆಲವು ವರ್ಷಗಳನ್ನು ತಿಂದುಹಾಕಿತು.

1831ರ ಆಗಸ್ಟ್ 29ರಂದು ಅವನು ಮೆದುಕಬ್ಬಿಣದ ಬಳೆಯೊಂದನ್ನು ಕೈಗೆತ್ತಿಕೊಂಡನು. ಸುಮಾರು ಮುಕ್ಕಾಲು ಅಂಗುಲಕ್ಕೂ ಹೆಚ್ಚು ದಪ್ಪದ ಸರಳನ್ನು ಬಾಗಿಸಿ ಬೆಸೆದ ಬಳೆ. ಹೊರ ಅಳತೆ ಆರು ಅಂಗುಲ. ಅದರ ಒಂದು ಪಕ್ಕಕ್ಕೆ ಒಟ್ಟು 72 ಅಡಿಯಷ್ಟು ತಾಮ್ರದ ತಂತಿಯನ್ನೂ ಇನ್ನೊಂದು ಪಕ್ಕಕ್ಕೆ ಸುಮಾರು 60 ಅಡಿ ತಂತಿಯನ್ನೂ ಸುತ್ತಿದನು. ಹೊದಿಕೆಯುಳ್ಳ ತಂತಿ ಅಂಗಡಿಯಲ್ಲಿ ದೊರೆಯದ ಕಾಲವದು. ಸುತ್ತುಗಳು ಒಂದನ್ನೊಂದು ಮುಟ್ಟದಂತೆ ನಡುನಡುವೆ ಹುರಿದಾರವನ್ನೂ ಬಟ್ಟೆಯನ್ನೂ ಇಟ್ಟು ಸುತ್ತಬೇಕಾಯಿತು. ರಟ್ಟು ಕಟ್ಟಿದ ಬೆರಳುಗಳಿಗೆ ಅದು ಕಷ್ಟವಾಗಿರಲಾರದು! ಒಂದು ಸುರುಳಿಯನ್ನು ಬ್ಯಾಟರಿಗೆ ಸೇರಿಸಿದನು. ಇನ್ನೊಂದರ ತಂತಿಯನ್ನು ದೂರದಲ್ಲಿದ್ದ ದಿಕ್ಸೂಚಿಯ ಮೇಲೆ ಹಾಯಿಸಿದನು. ಬ್ಯಾಟರಿಯನ್ನು ಕೂಡಿಸಿದೊಡನೆ ಮುಳ್ಳು ಅಲುಗಿತು. ಅಲುಗಿ ಮತ್ತೆ ಮೊದಲಿನ ಸ್ಥಾನದಲ್ಲಿ ನಿಂತಿತು. ಬ್ಯಾಟರಿಯ ಪ್ರವಾಹ ಎಡೆಬಿಡದೆ ಹರಿಯುತ್ತಿದ್ದರೂ ಮುಳ್ಳು ನಿಶ್ಚಲ. ಸಂಪರ್ಕವನ್ನು ಕಡಿದಾಗ ಇನ್ನೊಮ್ಮೆ ಅಲುಗಿತು.

ಇಲ್ಲಿ ವಾಚಕರು ಕೊಂಚ ನಿಲ್ಲಬೇಕು. ಅಂದಿನವರು ಎದುರುನೋಡುತ್ತಿದ್ದುದು ನಿಲ್ಲದೆ ಹರಿಯುವ ಪ್ರವಾಹವನ್ನು. ಆ ದೃಷ್ಟಿಯಿಂದ ನೋಡುವವನಿಗೆ ಒಂದು ಕ್ಷಣದ ನಡುಕ ಬರಿಯ ದೋಷವಾಗಿ ಕಂಡೀತು. ಮೇಜು ಅಲುಗಿರಬೇಕೆಂದು ಬಿಟ್ಟುಬಿಟ್ಟಾನು. ಫ್ಯಾರಡೆಯ ಹಿರಿಮೆಯೆಲ್ಲ ಆ ನಡುಕವನ್ನು ನಂಬಿದ್ದರಲ್ಲಿದೆ. ಕಾಂತತೆ ಇರುವುದರಿಂದ ವಿದ್ಯುತ್ತು ಹುಟ್ಟುವುದಿಲ್ಲ. ಕಾಂತತೆ ಬದಲಾಗುವುದರಿಂದ ಹುಟ್ಟುತ್ತದೆ. ಅಕ್ಟೋಬರ್ 17ರಂದು ಕಾಗದದ ಕೊಳವೆಗೆ ಸುತ್ತಿದ ಸುರುಳಿಯೊಳಕ್ಕೆ ಅಯಸ್ಕಾಂತದ ದಂಡವನ್ನು ನೂಕಿ, ಎಳೆದು, ಅದನ್ನೇ ದೃಢಪಡಿಸಿಕೊಂಡನು. ನವೆಂಬರ್ 24ರಂದು ರಾಯಲ್ ಸೊಸೈಟಿಯಲ್ಲಿ ಪ್ರಬಂಧವು ಓದಲ್ಪಟ್ಟಿತು. ಶಿವನಸಮುದ್ರದ ಜಲವಿದ್ಯುದಾಗಾರ ಮೊದಲುಗೊಂಡು ಜಗತ್ತಿನ ಸಕಲ ಜನಕಯಂತ್ರಗಳೂ ಆ ಶೋಧದ ಸಂತಾನ.

ಜನಕಯಂತ್ರದ ಮಾತನ್ನು ಪಠ್ಯಪುಸ್ತಕಗಳು ಹೇಳುತ್ತವೆ. ಅದೇ ಶೋಧದ ಇನ್ನೊಂದು ಮುಖವನ್ನು ಅಷ್ಟಾಗಿ ಹೇಳುವುದಿಲ್ಲ. 1834ರಲ್ಲಿ ಜೆಂಕಿನ್ ಎಂಬ ತರುಣನೊಬ್ಬ ಫ್ಯಾರಡೆಗೆ ಒಂದು ಸಂಗತಿ ತಿಳಿಸಿದನು: ಸುರುಳಿಗೆ ಜೋಡಿಸಿದ ಸಣ್ಣ ಬ್ಯಾಟರಿಯ ಸಂಪರ್ಕವನ್ನು ಕೈಯಿಂದ ಕಡಿದರೆ, ಬ್ಯಾಟರಿಯ ಶಕ್ತಿಗೆ ಮೀರಿದ ಆಘಾತ ತಗಲುತ್ತದೆ. ಫ್ಯಾರಡೆ ಅದನ್ನು ಬೆನ್ನಟ್ಟಿ ಪರೀಕ್ಷಿಸಿದನು. ಸುರುಳಿಯು ಪಕ್ಕದ ಸುರುಳಿಯಲ್ಲಿ ಮಾತ್ರವಲ್ಲ, ತನ್ನಲ್ಲಿಯೇ ವಿದ್ಯುತ್ತನ್ನು ಪ್ರೇರಿಸುತ್ತದೆ. ಆ ಪ್ರೇರಣೆ ಯಾವಾಗಲೂ ನಡೆಯುತ್ತಿರುವ ಬದಲಾವಣೆಗೆ ಎದುರಾಗಿಯೇ ಇರುತ್ತದೆ. ಹೆಚ್ಚುವ ಪ್ರವಾಹವನ್ನು ಹೆಚ್ಚಗೊಡದು, ಕುಗ್ಗುವುದನ್ನು ಕುಗ್ಗಗೊಡದು. ಇದಕ್ಕೆ ಸ್ವಪ್ರೇರಣೆ ಎಂದು ಹೆಸರು. ಅಮೆರಿಕದ ಜೋಸೆಫ್ ಹೆನ್ರಿ 1832ರಲ್ಲಿಯೇ ಇದನ್ನು ಕಂಡು ಪ್ರಕಟಿಸಿದ್ದನು. ಇದರ ಮಾನಕ್ಕೆ ಹೆನ್ರಿಯ ಹೆಸರೇ ನಿಂತಿರುವುದು ನ್ಯಾಯವಾಗಿದೆ. ವಿದ್ಯುತ್ತನ್ನು ಹುಟ್ಟಿಸುವ ನಿಯಮವೇ ವಿದ್ಯುತ್ತಿನ ಕಾವಲುಗಾರನೂ ಆದ ಬಗೆ ಇದು.

ಕಾಲಕ್ರಮವನ್ನು ಬದಿಗಿಟ್ಟು ನಾವೀಗ ಗಣಕಯಂತ್ರದ ಬಳಿಗೆ ಬರೋಣ. ಅದರೊಳಗೆ ನಡೆಯುವುದೇನು? ವಿದ್ಯುತ್ತನ್ನು ಕೂಡಿಸುವುದು, ಕಡಿಯುವುದು. ಮತ್ತೆ ಕೂಡಿಸುವುದು, ಕಡಿಯುವುದು. ಫ್ಯಾರಡೆ ಕೈಯಿಂದ ಒಂದೆರಡು ಸಲ ಮಾಡಿದ್ದನ್ನು ಈ ಯಂತ್ರ ಕ್ಷಣಕ್ಕೆ ಕೋಟಿಗಟ್ಟಲೆ ಸಲ ಮಾಡುತ್ತದೆ. ಅಲ್ಲಿ ದಿಕ್ಸೂಚಿಯ ಮುಳ್ಳು ನಡುಗಿತು. ಇಲ್ಲಿ ಸುತ್ತಲಿನ ಆಕಾಶವೇ ನಡುಗುತ್ತದೆ. ಯಂತ್ರದಿಂದ ಹೊರಬಂದ ತಂತಿ ಏರಿಯಲ್ಲಿನಂತೆ ವರ್ತಿಸಿ ರೇಡಿಯೋ ತರಂಗಗಳನ್ನು ಬೀರುತ್ತದೆ. ನಮ್ಮ ಎಫ್.ಎಂ. ಬಾನುಲಿ ಪ್ರಸಾರಗಳು 88ರಿಂದ 108 ಮೆಗಾಹರ್ಟ್ಸ್ ನಡುವೆ ನಡೆಯುತ್ತವೆ. ಆ ತರಂಗಗಳ ಉದ್ದ ಹೆಚ್ಚುಕಡಿಮೆ 3 ಮೀಟರು. ಅದರ ಕಾಲು ಭಾಗ, ಎಂದರೆ ಮುಕ್ಕಾಲು ಮೀಟರಿನಷ್ಟು ಉದ್ದದ ತಂತಿ ಆ ತರಂಗಗಳನ್ನು ಬೀರಲು ಬಹಳ ಹದವಾದುದು. ಮೇಜಿನ ಮೇಲಿನ ತಂತಿಗಳಲ್ಲಿ ಅನೇಕವು ಸರಿಸುಮಾರು ಆ ಉದ್ದದವೇ ಆಗಿರುವುದು ಒಂದು ದುರ್ಯೋಗ.

ತಂತಿಯನ್ನು ಮಣಿಯೊಳಗೆ ತೂರಿಸಿದಾಗ ಆಗುವುದಿಷ್ಟು. ಗಣಕಯಂತ್ರದ ತಂತಿಯೊಳಗೆ ಹೋಗುವ ಎಳೆಯೂ ಇದೆ, ಬರುವ ಎಳೆಯೂ ಇದೆ. ಯಂತ್ರಕ್ಕೆ ಬೇಕಾದ ಸಂದೇಶ ಒಂದರಲ್ಲಿ ಹೋಗಿ ಇನ್ನೊಂದರಲ್ಲಿ ಹಿಂದಿರುಗುತ್ತದೆ. ಹೋಗುವುದರ ಕಾಂತಪ್ರಭಾವವೂ ಬರುವುದರ ಕಾಂತಪ್ರಭಾವವೂ ವಿರುದ್ಧ ದಿಕ್ಕಿನವಾದ ಕಾರಣ ಮಣಿಯಲ್ಲಿ ಒಂದನ್ನೊಂದು ಅಳಿಸಿಹಾಕುತ್ತವೆ. ಸಂದೇಶದ ಪಾಲಿಗೆ ಮಣಿ ಇದ್ದೂ ಇಲ್ಲದಂತೆ. ಉಪದ್ರವದ ಪ್ರವಾಹವಾದರೋ ಎಲ್ಲ ಎಳೆಗಳಲ್ಲಿಯೂ ಒಂದೇ ದಿಕ್ಕಿಗೆ ನುಗ್ಗುತ್ತದೆ. ಹಿಂದಿರುಗುವ ದಾರಿಯನ್ನು ತಂತಿಯ ಹೊರಗೆ, ನೆಲದಲ್ಲೋ ಗೋಡೆಯಲ್ಲೋ ಗಾಳಿಯಲ್ಲೋ ಹುಡುಕಿಕೊಳ್ಳುತ್ತದೆ. ಇದನ್ನು ಅಳಿಸುವ ಎದುರಾಳಿ ಮಣಿಯೊಳಗಿಲ್ಲ. ಆದ್ದರಿಂದ ಮಣಿಯಲ್ಲಿ ಕಾಂತತೆ ಏಳುತ್ತದೆ, ಕ್ಷಣಕ್ಷಣಕ್ಕೂ ಬದಲಾಗುತ್ತದೆ, ಸ್ವಪ್ರೇರಣೆಯ ನಿಯಮದಂತೆ ಆ ಪ್ರವಾಹಕ್ಕೆ ಎದುರುನಿಲ್ಲುತ್ತದೆ. ಆವೃತ್ತಿ ಇನ್ನೂ ಏರಿದಂತೆ ಮಣಿಯ ಪದಾರ್ಥ ಆ ವೇಗಕ್ಕೆ ಹೊಂದಿಕೊಳ್ಳಲಾರದೆ ತನ್ನೊಳಗೇ ಒಂದು ಬಗೆಯ ಘರ್ಷಣೆಗೆ ಒಳಗಾಗಿ, ಉಪದ್ರವದ ಶಕ್ತಿಯನ್ನು ಉಷ್ಣವಾಗಿ ಮಾರ್ಪಡಿಸುತ್ತದೆ. ಆ ಉಷ್ಣ ಕೈಗೆ ತಿಳಿಯಲಾರದಷ್ಟು ಸ್ವಲ್ಪ. ಕೇವಲ ಎದುರುನಿಂತಿದ್ದರೆ ಉಪದ್ರವ ಹಿಂದಕ್ಕೆ ಪುಟಿದು ಬೇರೆ ದಾರಿ ಹಿಡಿಯಬಹುದಿತ್ತು; ನುಂಗಿಬಿಡುವುದರಿಂದ ಅದರ ಕಥೆ ಅಲ್ಲಿಗೇ ಮುಗಿಯುತ್ತದೆ. ತಂತಿಯನ್ನು ಮಣಿಯಲ್ಲಿ ಒಮ್ಮೆಗೆ ಬದಲು ಎರಡು ಸಲ ಹಾಯಿಸಿದರೆ ತಡೆ ಎರಡರಷ್ಟಲ್ಲ, ಸುಮಾರು ನಾಲ್ಕರಷ್ಟಾಗುತ್ತದೆ. ಮಣಿಯಿಂದ ಯಂತ್ರದ ವೇಗ ಹೆಚ್ಚುತ್ತದೆಂದಾಗಲಿ ಸಿಡಿಲಿನಿಂದ ರಕ್ಷಣೆ ದೊರೆಯುತ್ತದೆಂದಾಗಲಿ ನಂಬುವುದು ಮಾತ್ರ ಭ್ರಮೆ.

ಹಾಗಾದರೆ ಫ್ಯಾರಡೆಯ ಕಬ್ಬಿಣದ ಬಳೆಯನ್ನೇ ಚಿಕ್ಕದಾಗಿ ಮಾಡಿ ತೊಡಿಸಿದರೆ ಸಾಲದೆ? ಸಾಲದು. ಕಾರಣ ಮತ್ತೆ ಫ್ಯಾರಡೆಯ ನಿಯಮವೇ. ಕಬ್ಬಿಣ ಸ್ವತಃ ವಿದ್ಯುದ್ವಾಹಕ. ಕಾಂತತೆ ಅತಿವೇಗದಿಂದ ಬದಲಾದಾಗ ಕಬ್ಬಿಣದ ಮೈಯಲ್ಲಿಯೇ ಸುಳಿಪ್ರವಾಹಗಳು ಹುಟ್ಟಿ, ಕಾಂತತೆ ಒಳಹೊಗದಂತೆ ತಡೆದುಬಿಡುತ್ತವೆ. ಹೊರಚರ್ಮ ಮಾತ್ರ ಕೆಲಸ ಮಾಡಿ ಒಳತಿರುಳು ವ್ಯರ್ಥವಾಗುತ್ತದೆ. ಕಾಂತಗುಣವಿದ್ದು ವಿದ್ಯುತ್ತನ್ನು ಸುಲಭವಾಗಿ ಹರಿಯಗೊಡದ ಪದಾರ್ಥ ಬೇಕಾಗಿತ್ತು. ಬಳೆಯ ಪ್ರಯೋಗ ನಡೆದು ನೂರು ವರ್ಷ ತುಂಬುವ ಹೊತ್ತಿಗೆ, 1930ರಲ್ಲಿ, ಜಪಾನಿನ ಟೋಕಿಯೋ ನಗರದಲ್ಲಿ ಯೋಗೋರೋ ಕಾಟೋ ಮತ್ತು ತಾಕೇಷಿ ತಾಕೇಯಿ ಎಂಬ ಇಬ್ಬರು ವಿದ್ವಾಂಸರು ಅಂಥದನ್ನು ಸಿದ್ಧಪಡಿಸಿದರು. ಮುಂದೆ ಹಾಲೆಂಡಿನ ಫಿಲಿಪ್ಸ್ ಪ್ರಯೋಗಶಾಲೆಯಲ್ಲಿ ಸ್ನೂಕ್ ಎಂಬಾತ ಅದನ್ನು ಬಹಳವಾಗಿ ಬೆಳೆಸಿದನು. ಕಬ್ಬಿಣದ ಆಕ್ಸೈಡಿಗೆ, ಸರಳವಾಗಿ ಹೇಳುವುದಾದರೆ ತುಕ್ಕಿನ ಜಾತಿಯ ಪುಡಿಗೆ, ಮ್ಯಾಂಗನೀಸ್, ನಿಕ್ಕಲ್, ಸತು ಮುಂತಾದವುಗಳ ಆಕ್ಸೈಡುಗಳನ್ನು ಬೆರೆಸಿ, ಅಚ್ಚಿನಲ್ಲಿ ಒತ್ತಿ, ಸಾವಿರ ಡಿಗ್ರಿಗೆ ಮೀರಿದ ಶಾಖದಲ್ಲಿ ಕುಂಬಾರನು ಮಡಕೆ ಸುಡುವಂತೆ ಸುಡುತ್ತಾರೆ. ಅದೇ ಫೆರೈಟ್. ಕಬ್ಬಿಣಕ್ಕೆ ಲ್ಯಾಟಿನ್ ಭಾಷೆಯಲ್ಲಿರುವ ಫೆರಮ್ ಎಂಬ ಹೆಸರಿನಿಂದ ಬಂದ ಮಾತು. ನೆಲಕ್ಕೆ ಬಿದ್ದರೆ ಮಡಕೆಯಂತೆಯೇ ಒಡೆಯುತ್ತದೆ. ರೇಡಿಯೋ ಉಪದ್ರವವನ್ನು ನುಂಗಲು ನಿಕ್ಕಲ್ ಮತ್ತು ಸತು ಬೆರೆತ ಜಾತಿ ಹೆಚ್ಚು ಸಮರ್ಥವಾದುದು.

ಹೆಸರುಗಳ ಮಾತು ಬಂದುದರಿಂದ ಭಾಷೆಯ ಕೆಲಸ ಮಾಡುವ ನನ್ನಂಥವನಿಗೆ ಪ್ರಿಯವಾದ ಒಂದು ಸಂಗತಿಯನ್ನು ಹೇಳದೆ ಮುಂದುವರಿಯಲಾರೆ. ದ್ರಾವಣಗಳಲ್ಲಿ ವಿದ್ಯುತ್ತು ಹಾಯುವ ಬಗೆಯನ್ನು ವಿವರಿಸಲು ಫ್ಯಾರಡೆಗೆ 1834ರಲ್ಲಿ ಹೊಸ ಪಾರಿಭಾಷಿಕ ಶಬ್ದಗಳು ಬೇಕಾದವು. ಗ್ರೀಕ್ ಭಾಷೆಯನ್ನು ಅವನು ಕಲಿತವನಲ್ಲ. ಕೇಂಬ್ರಿಜ್‌ನಲ್ಲಿದ್ದ ವಿಲಿಯಂ ಹ್ಯೂಯೆಲ್ ಎಂಬ ಬಹುಶ್ರುತ ವಿದ್ವಾಂಸರಿಗೆ ಪತ್ರ ಬರೆದು, ತಾನು ಕಂಡದ್ದನ್ನು ನಿವೇದಿಸಿಕೊಂಡು, ತಕ್ಕ ಮಾತುಗಳನ್ನು ಕೇಳಿ ಪಡೆದನು. ಆನೋಡ್, ಕ್ಯಾಥೋಡ್, ಅಯಾನ್ ಎಂದು ಇಂದು ನಮ್ಮ ಪ್ರೌಢಶಾಲೆಯ ಮಕ್ಕಳು ಬಾಯಿಪಾಠ ಮಾಡುವ ಶಬ್ದಗಳು ಆ ಪತ್ರವ್ಯವಹಾರದ ಫಲ. ವಿಜ್ಞಾನದ ಅಧ್ಯಾಪಕರೂ ಭಾಷಾಪಂಡಿತರೂ ಒಂದೇ ಕೊಠಡಿಯಲ್ಲಿ ಕುಳಿತು ಬೆನ್ನು ತಿರುಗಿಸಿಕೊಳ್ಳುವುದನ್ನು ಕಂಡಾಗಲೆಲ್ಲ ನನಗೆ ಈ ಪ್ರಸಂಗ ನೆನಪಾಗುತ್ತದೆ. ಮಣಿ ಎಂಬ ಮಾತು ಮಾತ್ರ ನಮ್ಮ ಮನೆಯಲ್ಲಿಯೇ ಇದ್ದುದು ಪುಣ್ಯ.

1836ರ ಜನವರಿಯಲ್ಲಿ ಫ್ಯಾರಡೆ ಉಪನ್ಯಾಸ ಮಂದಿರದಲ್ಲಿ ಹನ್ನೆರಡು ಅಡಿ ಉದ್ದಗಲ ಎತ್ತರದ ಪಂಜರವೊಂದನ್ನು ಕಟ್ಟಿಸಿದನು. ಮರದ ಚೌಕಟ್ಟು, ಅದರ ಸುತ್ತ ತಾಮ್ರದ ತಂತಿ, ಕಾಗದ, ತವರದ ಹಾಳೆ. ತಾನು ಒಳಹೊಕ್ಕು, ಹೊರಗಿನಿಂದ ಪಂಜರಕ್ಕೆ ಪ್ರಬಲವಾದ ವಿದ್ಯುದಾವೇಶವನ್ನು ಕೊಡಿಸಿದನು. ಹೊರಗೆ ಕಿಡಿಗಳು ಹಾರುತ್ತಿರಲು ಒಳಗೆ ಅತಿಸೂಕ್ಷ್ಮ ಉಪಕರಣಗಳಿಗೂ ಏನೊಂದೂ ತಿಳಿಯಲಿಲ್ಲ. ಇಂದು ಗಣಕಯಂತ್ರದ ಒಳ್ಳೆಯ ತಂತಿಗಳ ಮೈಮೇಲೆ ರಬ್ಬರಿನ ಕೆಳಗೆ ನೇಯ್ದ ಲೋಹದ ಜಾಳಿಗೆ ಇರುತ್ತದಲ್ಲ, ಅದು ಆ ಪಂಜರದ ಕಿರಿಯ ರೂಪ. ಹೀಗೆ ಒಂದೇ ತಂತಿಯ ಮೇಲೆ ಫ್ಯಾರಡೆಯ ಬಳೆಯೂ ಫ್ಯಾರಡೆಯ ಪಂಜರವೂ ಕೂಡಿಕೊಂಡಿವೆ. ಜಾಳಿಗೆಯ ಹೊರಮೈ ಮೇಲೆಯೇ ಜಾರಿ ಬರುವ ಉಪದ್ರವವನ್ನು ಮಣಿ ಹಿಡಿಯುತ್ತದೆ.

ಅಧ್ಯಾಪಕರು ತಿಳಿಯಬೇಕಾದ ಇನ್ನೊಂದು ಗುಣ ಅವನಲ್ಲಿತ್ತು. ಬಾಲಕರಿಗಾಗಿ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಕ್ರಿಸ್‌ಮಸ್ ಸಮಯದ ಉಪನ್ಯಾಸಮಾಲೆ 1825ರಲ್ಲಿ ಆರಂಭವಾಯಿತು. 1827ರಿಂದ 1860ರವರೆಗೆ ಹತ್ತೊಂಬತ್ತು ಸಲ ಫ್ಯಾರಡೆಯೇ ಅದನ್ನು ನಡೆಸಿಕೊಟ್ಟನು. ಮಾತಿನ ಕಲೆ ತನಗೆ ಹುಟ್ಟಿನಿಂದ ಬಂದುದಲ್ಲವೆಂದು ಬಲ್ಲವನಾಗಿ ಹಣ ತೆತ್ತು ಉಚ್ಚಾರಣೆಯ ಪಾಠ ಹೇಳಿಸಿಕೊಂಡಿದ್ದನು. ಒಂದು ಮೇಣದಬತ್ತಿಯನ್ನೇ ಮುಂದಿಟ್ಟುಕೊಂಡು ಆರು ಉಪನ್ಯಾಸಗಳಲ್ಲಿ ರಸಾಯನಶಾಸ್ತ್ರವನ್ನು ಮಕ್ಕಳಿಗೆ ಬಿಡಿಸಿ ಹೇಳಿದ ಅವನ ಗ್ರಂಥ ಇಂದಿಗೂ ಅಚ್ಚಾಗುತ್ತಿದೆ. ಪ್ರಯೋಗದ ದಿನಚರಿಯಲ್ಲಿ ಪ್ರತಿ ಟಿಪ್ಪಣಿಗೂ ಸಂಖ್ಯೆ ಹಾಕುತ್ತ ಹದಿನಾರು ಸಾವಿರವನ್ನು ದಾಟಿದನು. ಗೆದ್ದ ಪ್ರಯೋಗಗಳಂತೆಯೇ ಸೋತ ಪ್ರಯೋಗಗಳೂ ಅಲ್ಲಿ ದಾಖಲಾಗಿವೆ.

ನಲವತ್ತೆಂಟರ ವಯಸ್ಸಿನಿಂದ ಮುಂದೆ ಅವನನ್ನು ತಲೆಸುತ್ತೂ ಮರೆವೂ ಕಾಡತೊಡಗಿದವು. ಕೆಲವು ವರ್ಷ ಕೆಲಸವನ್ನೇ ಬಿಟ್ಟು ವಿಶ್ರಮಿಸಬೇಕಾಯಿತು. ಆ ಬಳಿಕ 1845ರಲ್ಲಿ, ಹಿಂದೆ ವ್ಯರ್ಥವಾಯಿತೆಂದು ಭಾವಿಸಿದ್ದ ಗಾಜಿನ ಕೆಲಸದಿಂದ ಉಳಿದಿದ್ದ ಭಾರವಾದ ಗಾಜಿನ ತುಂಡೊಂದನ್ನು ಪ್ರಬಲವಾದ ಅಯಸ್ಕಾಂತದ ನಡುವೆ ಇಟ್ಟು ಬೆಳಕನ್ನು ಹಾಯಿಸಿದನು. ಬೆಳಕಿನ ಕಂಪನದ ದಿಕ್ಕು ಕಾಂತತೆಯಿಂದ ತಿರುಗಿತು. ಬೆಳಕಿಗೂ ಕಾಂತತೆಗೂ ನಂಟಿದೆಯೆಂದು ಮೊದಲ ಸಾಕ್ಷಿ ದೊರೆತದ್ದು ಹಾಗೆ.

ಅಯಸ್ಕಾಂತದ ಸುತ್ತಲಿನ ಬರಿದಾದ ಎಡೆ ಬರಿದಲ್ಲ, ಅಲ್ಲಿ ಬಲರೇಖೆಗಳು ತುಂಬಿವೆ ಎಂದು ಅವನು ಹೇಳುತ್ತ ಬಂದಿದ್ದನು. ಗಣಿತಜ್ಞರು ಅದನ್ನು ಲೆಕ್ಕ ಬಾರದವನ ಚಿತ್ರಕಲೆಯೆಂದು ಬದಿಗೆ ಸರಿಸಿದರು. ಕಾಂತಪ್ರಭಾವವು ನೀರಿನ ಮೇಲಿನ ಅಲೆಯಂತೆ ಕಾಲವನ್ನು ತೆಗೆದುಕೊಂಡು ಹರಡುತ್ತಿರಬೇಕೆಂಬ ಊಹೆಯನ್ನು 1832ರ ಮಾರ್ಚಿಯಲ್ಲಿಯೇ ಬರೆದು, ಮೊಹರು ಹಾಕಿ, ರಾಯಲ್ ಸೊಸೈಟಿಯ ವಶಕ್ಕೆ ಕೊಟ್ಟಿದ್ದನು. ಆ ಲಕೋಟೆಯನ್ನು ಒಡೆದು ಓದಿದ್ದು ಒಂದು ಶತಮಾನ ಕಳೆದ ಮೇಲೆ. ಅಷ್ಟರೊಳಗೆ ಮ್ಯಾಕ್ಸ್‌ವೆಲ್ ಆ ರೇಖೆಗಳಿಗೆ ಗಣಿತದ ಭಾಷೆ ಕೊಟ್ಟಾಗಿತ್ತು. ಜರ್ಮನಿಯ ಹರ್ಟ್ಸ್ 1888ರ ವೇಳೆಗೆ ಆ ಅಲೆಗಳನ್ನು ಪ್ರಯೋಗಶಾಲೆಯಲ್ಲಿ ಎಬ್ಬಿಸಿ ತೋರಿಸಿಯೂ ಆಗಿತ್ತು. ನಮ್ಮ ರೇಡಿಯೋ ಹಾಡುವುದೂ ಗಣಕಯಂತ್ರದ ತಂತಿ ಅದನ್ನು ಕೆಡಿಸುವುದೂ ಆ ಅಲೆಗಳಿಂದಲೇ.

ಸರ್ ಪದವಿಯನ್ನು ಫ್ಯಾರಡೆ ಒಲ್ಲೆನೆಂದನು. ರಾಯಲ್ ಸೊಸೈಟಿಯ ಅಧ್ಯಕ್ಷಪೀಠ ಎರಡು ಸಲ ಬಾಗಿಲಿಗೆ ಬಂದಾಗಲೂ ಒಲ್ಲೆನೆಂದನು. ಕಾರ್ಖಾನೆಗಳಿಗೆ ಸಲಹೆ ಹೇಳಿ ಧನವಂತನಾಗುವ ದಾರಿ ತೆರೆದಿದ್ದರೂ ಸಂಶೋಧನೆಗಾಗಿ ಅದನ್ನು ಮುಚ್ಚಿಕೊಂಡನು. 1858ರಲ್ಲಿ ವಿಕ್ಟೋರಿಯಾ ರಾಣಿ ಹ್ಯಾಂಪ್ಟನ್ ಕೋರ್ಟ್‌ನಲ್ಲಿ ವಾಸಕ್ಕೊಂದು ಮನೆಯನ್ನು ಕೊಟ್ಟಳು. ಮರೆವು ಹೆಚ್ಚುತ್ತ ಹೋದಂತೆ ಒಂದೊಂದಾಗಿ ಹೊಣೆಗಳನ್ನು ತಾನಾಗಿಯೇ ಕೆಳಗಿಟ್ಟನು: ಮೊದಲು ಮಕ್ಕಳ ಉಪನ್ಯಾಸ, 1862ರಲ್ಲಿ ಶುಕ್ರವಾರದ ಉಪನ್ಯಾಸ, 1865ರಲ್ಲಿ ಪ್ರಯೋಗಶಾಲೆ. 1867ರ ಆಗಸ್ಟ್ 25ರಂದು ತನ್ನ ಓದಿನ ಕೋಣೆಯ ಕುರ್ಚಿಯಲ್ಲಿ ಕುಳಿತಂತೆಯೇ ಕಣ್ಣು ಮುಚ್ಚಿದನು. ದೇಹವನ್ನು ಅವನ ಇಚ್ಛೆಯಂತೆ ಆಡಂಬರವಿಲ್ಲದೆ ಲಂಡನ್ನಿನ ಹೈಗೇಟ್ ಸ್ಮಶಾನದಲ್ಲಿ ಸಮಾಧಿ ಮಾಡಿದರು. ಕಲ್ಲಿನ ಮೇಲೆ ಬಿರುದಿಲ್ಲ, ಹೊಗಳಿಕೆಯಿಲ್ಲ. ಹೆಸರು, ಹುಟ್ಟಿದ ದಿನ, ಸತ್ತ ದಿನ ಮಾತ್ರ. ಆ ಕಬ್ಬಿಣದ ಬಳೆ, ಹುರಿದಾರ ಮತ್ತು ಬಟ್ಟೆಯ ಸುತ್ತುಗಳ ಸಮೇತ, ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಈಗಲೂ ಇದೆ.